ನೂಕು

ನನ್ನ ಮೇಜಿನ ಎಡಗಡೆ, ಕೆಳಗಿನ ಖಾನೆ
ಅವರಿಗೇ ಮೀಸಲು:
ಗುರುತ್ವಕ್ಕೆ ಕಾರಣ ಕಂಡುಹಿಡಿದವರಿಗೆ.

ಬತುಮಿಯ ಹಲ್ಲಿನ ಡಾಕ್ಟರ ಪ್ರಕಾರ ಭೂಮಿ ಉಸಿರೆಳೆಯುತ್ತಿದೆ,
ಬಿಡುವುದನ್ನಿನ್ನೂ ಶುರುಮಾಡಿಲ್ಲ.
ಗೋರಿಯ ಜೇನು ಸಾಕುವವನ ಪ್ರಕಾರ ಉಬ್ಬುತ್ತಿದೆ:
ಹಣ್ಣು ಬೀಳುವುದಿಲ್ಲ,
ನೆಲವೇ ಎದ್ದುಬಂದು ಮುಟ್ಟುತ್ತದೆ.
ಹೆಸರು ಬರೆಯದ ಒಬ್ಬಾಕೆ, ಹಸಿರು ಶಾಯಿ, ಒಂದೇ ಸಾಲು:
ವಸ್ತುಗಳಿಗೆ ಒಂಟಿತನ.

ಎಲ್ಲರಿಗೂ ಒಂದೇ ಉತ್ತರ ಟೈಪು ಮಾಡುತ್ತೇನೆ:
ತಮ್ಮ ಆಸಕ್ತಿಗೆ ಸಂಸ್ಥೆ ಆಭಾರಿ.
(ಆ ಮಾತಿನೊಳಗೂ ಭಾರವಿದೆ, ಹೊರುವವರು ಯಾರೂ ಇಲ್ಲ.)

ಜುಂಬೆರ್ ಮಾತ್ರ
ಆ ಉತ್ತರವನ್ನೇ ಕೈಯಲ್ಲಿ ಹಿಡಿದು ಬಂದ.
ಗ್ಲದಾನಿಯ ಹದಿನಾರು ಅಂತಸ್ತುಗಳಲ್ಲಿ
ಮೂವತ್ತು ವರ್ಷ ಲಿಫ್ಟ್ ರಿಪೇರಿ.
ಉಗುರಿನ ಸಂದಿಯಲ್ಲಿ ಸೋಪಿಗೆ ಜಗ್ಗದ ಗ್ರೀಸು.
ಚೀಲದಲ್ಲಿ ನಾಲ್ಕು ನೋಟ್‌ಬುಕ್ಕು, ಒಂದು ತೂಕದ ಗುಂಡು,
ನನಗೆಂದು, ದ್ರಾಕ್ಷಿರಸದಲ್ಲದ್ದಿದ ಆಕ್ರೋಟಿನ ಸರ.

'ಕರೆಂಟು ಹೋದ ಆ ಚಳಿಗಾಲ ನೆನಪಿದೆಯಲ್ಲ?'
ಟಿಬಿಲಿಸಿಯಲ್ಲಿ ಯಾರಿಗಿಲ್ಲ.
'ಎಂಟು ಒಂಬತ್ತರ ನಡುವೆ ಲಿಫ್ಟು ನೇತುಬಿತ್ತು,
ನವೆಂಬರಿನಿಂದ ಮಾರ್ಚಿನ ತನಕ.
ಹದಿಮೂರನೆಯ ಮಹಡಿಯ ನಾನುಲಿಗೆ
ದಿನಾ ನೀರು, ಸೀಮೆಎಣ್ಣೆ ಹೊತ್ತೆ.
ಒಂದು ಸಂಜೆ ಏಳನೆಯದರಲ್ಲಿ ಕೂತೆ. ಕತ್ತಲು.
ಕೆಳಗಿನಿಂದ ಯಾರೂ ಕಾಲೆಳೆಯುತ್ತಿಲ್ಲ, ಗೊತ್ತಾಯಿತು.
ಹೆಗಲ ಮೇಲೆ ಯಾರೋ ಕೈಯಿಟ್ಟು ಒತ್ತುತ್ತಿದ್ದಾರೆ.
ಎಳೆಯಲು ಹಗ್ಗ ಬೇಕು ತಾಯಿ.
ಹಗ್ಗವೆಂದರೇನೆಂದು ನನಗೆ ಗೊತ್ತು.
ಎಲ್ಲಿದೆ ಹಗ್ಗ, ತೋರಿಸಿ.

ಆಕಾಶ ನೂಕುತ್ತಿದೆ, ಎಲ್ಲ ದಿಕ್ಕಿನಿಂದ.
ಕಾಲಡಿಯಲ್ಲಿ ಭೂಮಿ ಅಡ್ಡ ನಿಂತಿದೆ, ಕೊಡೆಯ ಹಾಗೆ.
ಬೀಳುವುದೆಂದರೆ
ಮರೆಯ ಕಡೆಗೆ ಸರಿಯುವುದು.'

ಮಹಡಿ ಮೇಲಿನ ಎರೆಕ್ಲೆಯನ್ನು ಕರೆದೆ.
ಮುನ್ನೂರು ವರ್ಷದ ಹಿಂದೆಯೇ
ಹೀಗೆಂದವರಿದ್ದಾರೆ, ಎಂದ ಆತ, ಮೆತ್ತಗೆ.
'ಹಾಗಾದರೆ ನಾನೊಬ್ಬನೇ ಅಲ್ಲ!'
ಜುಂಬೆರನ ಮುಖದಲ್ಲಿ ದೀಪ.

ಅಷ್ಟು ನೂಕಿದ್ದರೆ ಕಾವೂ ಅಷ್ಟೇ ಇರಬೇಕು.
ಲಕೋಟೆಯ ಬೆನ್ನಲ್ಲಿ ಎರೆಕ್ಲೆ ಲೆಕ್ಕ ಹಾಕಿದ.
ಕಪ್ಪು ಸಮುದ್ರ ಕುದಿಯಿತು. ಉಳಿದವೂ.
ಜುಂಬೆರ್ ಪೆನ್ಸಿಲು ನಾಲಗೆಗೆ ತಾಗಿಸಿ
ಎರಡು ಸಲ ಪರೀಕ್ಷಿಸಿದ.
'ಇಲ್ಲೊಂದು ಸೊನ್ನೆ ತಪ್ಪಿದೆ.'
ತಪ್ಪಿತ್ತು. ತಿದ್ದಿದರು.
ಸಮುದ್ರ ಆಗಲೂ ಕುದಿಯಿತು.

'ಸರಿ. ನೂಕಲ್ಲ. ಮತ್ತೇನು?'

ನನ್ನ ಶಾಲಿನ ಮೂರು ಮೂಲೆ ನಾವು ಮೂವರು,
ನಾಲ್ಕನೆಯದನ್ನು ಕುರ್ಚಿ ಹಿಡಿಯಿತು.
ನಡುವೆ ಅವನದೇ ತೂಕದ ಗುಂಡು.
ಎರೆಕ್ಲೆ ಸರದಿಂದ ಒಂದು ಆಕ್ರೋಟು ಕಿತ್ತು ಅಂಚಿನಲ್ಲಿ ಬಿಟ್ಟ,
ಅದು ಉರುಳಿ ಗುಂಡಿಗೆ ತಗುಲಿ ನಿಂತಿತು.
ಹೀಗೆ, ಎಂದ, ಜಾಗವೇ ಬಾಗುತ್ತದೆ.

ಜುಂಬೆರ್ ತುಂಬ ಹೊತ್ತು ಶಾಲನ್ನೇ ನೋಡಿದ.
'ಚೆನ್ನಾಗಿದೆ.
ಆದರೆ ಗುಂಡು ಶಾಲನ್ನು ತಗ್ಗಿಸಿತಲ್ಲ ಸ್ವಾಮಿ,
ಆ ಗುಂಡನ್ನು ಕೆಳಗೆ ಒತ್ತಿದ್ದು ಯಾರು?'

ಎರೆಕ್ಲೆ ಕನ್ನಡಕ ತೆಗೆದ.
ಒರೆಸಿದ. ಮತ್ತೆ ಒರೆಸಿದ.
ಇದು ಬರೀ ಹೋಲಿಕೆ, ಎಂದ.
ಅದರಾಚೆ ಸಮೀಕರಣವಿದೆ. ಎಷ್ಟು ಎಂದು ಹೇಳುತ್ತದೆ,
ಕೂದಲೆಳೆಯಷ್ಟೂ ತಪ್ಪದೆ.
ಯಾಕೆ ಎಂದು ನಾನೂ ಕೇಳುತ್ತಿದ್ದೆ,
ವಿದ್ಯಾರ್ಥಿಯಾಗಿದ್ದಾಗ.

ಆಕ್ರೋಟನ್ನು ಮೂವರೂ ಹಂಚಿಕೊಂಡು ತಿಂದೆವು.

ತಿಂಗಳ ಮೇಲೆ ಒಂದು ಕಾರ್ಡು ಬಂತು:
'ಕಾವಿಲ್ಲದ ನೂಕು ಇದ್ದೀತೇ? ಯೋಚಿಸುತ್ತಿದ್ದೇನೆ.
ಇನ್ನೊಂದು ಮಾತು. ಅಂದು ಇಳಿಯುವಾಗ ಸದ್ದು ಕೇಳಿದೆ,
ನಿಮ್ಮ ಲಿಫ್ಟಿನ ಹಗ್ಗದಲ್ಲಿ ಎಳೆಗಳು ಹರಿದಿವೆ.
ನಾನು ಬರುವ ತನಕ
ದಯವಿಟ್ಟು ಮೆಟ್ಟಿಲು ಬಳಸಿ.'

ಅದನ್ನು ಖಾನೆಗೆ ಹಾಕಲಿಲ್ಲ.
ಲಿಫ್ಟಿನ ಬಾಗಿಲಿಗೆ ಅಂಟಿಸಿದೆ.