ಎಡಗಡೆಯ ಬ್ರೇಕು

ಮೂವತ್ತೊಂದು ವರ್ಷ ನಾನು ಎಡಗಡೆ ಕೂತವನು.
ಗುಣಗಿ ಡ್ರೈವಿಂಗ್ ಸ್ಕೂಲು, ಕೋಡಿಬಾಗ.
ಹಳದಿ ಬೋರ್ಡು, ಕೆಂಪು ಎಲ್ಲು.
ಸ್ಟೀರಿಂಗು ಅವರದು; ನನ್ನ ಕಾಲಡಿ
ವೆಲ್ಡರ್ ಬಸ್ತ್ಯಾಂವ ಕೂರಿಸಿಕೊಟ್ಟ ಇನ್ನೊಂದು ಬ್ರೇಕು.
ಕಲಿಯುವವರಿಗೆ ಅದು ಗೊತ್ತು. ಗೊತ್ತಿದ್ದೂ ಮರೆಯುತ್ತಾರೆ.
ಮರೆತ ದಿನವೇ ಕಲಿತ ಹಾಗೆ.

ಆ ಬಿಳಿ ಕಾರು ಬಂದದ್ದು ಶ್ರಾವಣ ಕಳೆದ ಮೇಲೆ.
ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲ,
ಬೆಲ್ಟು ಮಾತ್ರ ಯಾರನ್ನೋ ಬಿಗಿದ ಹಾಗೆ ಕಟ್ಟಿಕೊಂಡಿತ್ತು.
ಬೈತಖೋಲದ ಹುಡುಗರು ಕಲ್ಲು ಹಿಡಿದರು, ಹೊಡೆಯಲಿಲ್ಲ.

ಬಿಣಗಾದಲ್ಲಿ ರಸ್ತೆಗೆ ಅಡ್ಡ ಕೂತೆವು:
ರಿಕ್ಷಾದವರು, ಟೆಂಪೋದವರು,
ಏನೂ ಕಳಕೊಳ್ಳದಿದ್ದರೂ ಸಿಟ್ಟು ಬಂದಿದ್ದ ಮೀನಿನ ಹೆಂಗಸರು,
ಒಂದೇ ಕೋಲಿಗೆ ಕಟ್ಟಿದ ಎರಡು ಪಕ್ಷದ ಬಾವುಟ.
ಉಮಾಕಾಂತ ಮೈಕು ಹಿಡಿದ:
‘ಸೇತುವೆ ಬಿದ್ದ ರಾತ್ರಿ ನಕ್ಷೆಯಲ್ಲಿ ಅದು ನಿಂತೇ ಇತ್ತು, ಪಾತ್ರಾಂವ!
ಇದಕ್ಕೆ ಕಾಳಿ ಗೊತ್ತೇ?
ಬೆಚ್ಚನೆ ಡಾಂಬರಿನ ಮೇಲೆ ಮಲಗುವ ದನ ಗೊತ್ತೇ?
ಮುಂದಿನ ಲಾರಿ ಬಲಕ್ಕೆ ದೀಪ ಮಿಣುಕಿಸಿದರೆ
ತಿರುಗುತ್ತೇನೆ ಅಂತಲೋ, ದಾಟಿ ಹೋಗು ಅಂತಲೋ,
ಹೇಳಲಿ ನೋಡುವ!’
ಚಪ್ಪಾಳೆ. ನಾನೂ ತಟ್ಟಿದೆ.

ಅಷ್ಟರಲ್ಲಿ ಅದೇ ಬಂತು. ಐದು ಮಾರು ದೂರ ನಿಂತಿತು.
ಹಾರ್ನಿಲ್ಲ. ಗಾಜು ಇಳಿಸಿ ನಮ್ಮ ಅವ್ವ-ಅಪ್ಪನನ್ನು ಎಳೆಯಲಿಲ್ಲ.
ಬೈದೆವು. ಕೊಂಕಣಿಯಲ್ಲಿ, ಕನ್ನಡದಲ್ಲಿ,
ಕೊನೆಗೆ ಬರುವಷ್ಟು ಹಿಂದಿಯಲ್ಲೂ.
ಬೈಗುಳಕ್ಕೂ ಒಂದು ಮುಖ ಬೇಕು ನೋಡಿ;
ಮುಖ ಸಿಗದೆ ಅದು ತಿರುಗಿ ನಮ್ಮ ಬಾಯಿಗೇ ಬಂತು.
ಮಧ್ಯಾಹ್ನದ ತನಕ ನಿಂತೇ ಇತ್ತು.
ಊಟಕ್ಕೆ ನಾವೇ ಎದ್ದೆವು.

ಮೊದಲು ಹತ್ತಿದ್ದು ದೇವಕಿ ತಾಂಡೇಲ.
ನನ್ನಲ್ಲಿ ಕಲಿಯಬಂದು ನಾಲ್ಕು ಸಲವೂ
‘ಎಂಟು’ ಹಾಕಲಾರದೆ ಬಿಟ್ಟವಳು.
ಗಂಡನ ಡಯಾಲಿಸಿಸ್ಸು, ಬೆಳಗಿನ ಐದಕ್ಕೆ.
‘ಮಾಸ್ತರೆ, ನಾಲ್ಕು ರಿಕ್ಷಾದವರಿಗೆ ಫೋನ್ ಮಾಡಿದೆ.
ಇದು ಎತ್ತಿತು.’
ಅಷ್ಟೇ ಅಂದಳು. ಬುಟ್ಟಿ ತಲೆಗೇರಿಸಿ ಹೋದಳು.
ಆಮೇಲೆ ಮಾಜಾಳಿಯ ಮದುವೆಗೆ ಉಮಾಕಾಂತನ ತಾಯಿ.
ಆಮೇಲೆ ಯಾರು ಯಾರೆಂದು ಎಣಿಸುವುದನ್ನು ಬಿಟ್ಟೆವು.
ಮನವಿ ಪತ್ರ ನನ್ನ ಡ್ರಾವರಿನಲ್ಲಿದೆ,
ಡಿ.ಸಿ. ಆಫೀಸಿನ ನೀಲಿ ಮುದ್ರೆ ಸಹಿತ.
ಮೊದಲ ಸಹಿ ನನ್ನದು.

ಈ ದೀಪಾವಳಿಗೆ ಬಲಗಣ್ಣಿಗೆ ಮಂಜು ಇಳಿಯಿತು.
ಲೈಸೆನ್ಸು ನವೀಕರಿಸಲು ಹೋದರೆ ಗುಮಾಸ್ತ ಎದ್ದು ನಿಂತ,
ನನ್ನದೇ ಶಿಷ್ಯ;
‘ಆಗೋದಿಲ್ಲ ಮಾಸ್ತರೆ’ ಅನ್ನುವುದಕ್ಕೆ
ಚಹಾ ತರಿಸಿದ.

ಮೊನ್ನೆ ಸದಾಶಿವಗಡಕ್ಕೆ ಅದರಲ್ಲೇ ಹೋದೆ.
ಹಿಂದೆ ಕೂರಲಿಲ್ಲ. ಮುಂದೆ, ಎಡಗಡೆ.
ಸ್ಟೀರಿಂಗು ತಾನಾಗಿ ಹೊರಳುತ್ತಿತ್ತು,
ಮೊದಲ ವಾರದ ಹುಡುಗಿಯ ಕೈಯ ಹಾಗೆ, ಅತಿ ವಿನಯ.
ಹೊಸತೇನು ಇದರಲ್ಲಿ?
ಹೀಗೇ ಕೂತು ಬಂದೆನಲ್ಲ ಇಷ್ಟು ವರ್ಷ,
ರಸ್ತೆ ಗೊತ್ತಿಲ್ಲದವರ ಪಕ್ಕ.

ಸೇತುವೆಯ ನಡುವೆ ಒಂದು ಕುಂಟುನಾಯಿ.
ಕಾಲು ಒತ್ತಿಯೇಬಿಟ್ಟಿತು.
ಅಡಿಯಲ್ಲಿ ಬ್ರೇಕಿಲ್ಲ, ಬರೀ ರಬ್ಬರ್ ಚಾಪೆ.
ಕಾರು ನಿಧಾನಿಸಿತು. ನಾಯಿ ದಾಟಿತು.
ನಾನು ಒತ್ತಿದ್ದಕ್ಕಲ್ಲ, ಗೊತ್ತು.
ಗೊತ್ತಿದ್ದೂ,
‘ಶಾಬಾಸ್’ ಅಂದೆ ಖಾಲಿ ಸೀಟಿಗೆ,
‘ಈಗ ಮೆಲ್ಲಗೆ ಕ್ಲಚ್ಚು ಬಿಡು.’

ಕ್ಲಚ್ಚೇ ಇರಲಿಲ್ಲ ಅದಕ್ಕೆ.