ಷರಾ

ಉಪ್ಪಳದ ತಾಲೂಕು ಕಚೇರಿಯ ಎದುರು
ಜೆರಾಕ್ಸ್ ಅಂಗಡಿಯ ಇಳಿಮಾಡಿನಡಿ
ನನ್ನದೊಂದು ಮೇಜು, ಮೂರೂಕಾಲು ಕಾಲಿನದು.
ಉಳಿದ ಮುಕ್ಕಾಲಿಗೆ ಹಳೆಯ ಮತದಾರರ ಪಟ್ಟಿ ಮಡಚಿಟ್ಟಿದ್ದೇನೆ.
ಕನ್ನಡದಲ್ಲಿ ಅಳುವವರ ಅಳುವನ್ನು
ಮಲಯಾಳದಲ್ಲಿ ಬರೆದುಕೊಡುವುದು ನನ್ನ ಕೆಲಸ.
ಪುಟಕ್ಕೆ ಮೂವತ್ತು. ಕಣ್ಣೀರಿಗೆ ಬೇರೆ ದರವಿಲ್ಲ.

ಇವತ್ತು ಐತ್ತಪ್ಪ ನಾಯ್ಕ ಬಂದಿದ್ದ,
ಪೈವಳಿಕೆಯಿಂದಾಚೆ ಗುಡ್ಡದ ಮೇಲಿನವನು.
ಅರ್ಜಿ ವಾಪಸು ಬಂದಿದೆ.
ಮಗಳು ತುಂಬಿಸಿದ್ದಂತೆ, ಸ್ಕೆಚ್ ಪೆನ್ನಿನಲ್ಲಿ,
ಶಾಲೆಯಲ್ಲಿ ಕಲಿತಷ್ಟು ಮಲಯಾಳ ಅಕ್ಷರ, ಮಾತು ಕನ್ನಡ:
ಈಗ ಇರುವುದು ಏನು ಎಂಬಲ್ಲಿ, ‘ಮನೆ’.
ಎತ್ವ ಮಳೆಗೆ ಕರಗಿತ್ತೋ ಏನೋ,
ಗುಮಾಸ್ತ ‘ಮನ’ ಎಂದು ಓದಿಕೊಂಡ.
ಅವರಲ್ಲಿ ಮನ ಎಂದರೆ ನಂಬೂದಿರಿಗಳ ಎಂಟುಕಟ್ಟು,
ತೂಗುಮಂಚ, ಕೊಳ, ಆನೆ ಕಟ್ಟುವ ಕಂಬ.
“ಮನ ಇರುವವನಿಗೆ ಸರಕಾರ ಯಾಕಪ್ಪ ವೀಡು ಕೊಡಬೇಕು?”
ಕಚೇರಿಯಿಡೀ ನಕ್ಕಿತಂತೆ. ಐತ್ತಪ್ಪನೂ ನಕ್ಕನಂತೆ,
ಎಂತದೆಂದು ತಿಳಿಯದೆ, ಮರ್ಯಾದೆಗೆ.

ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.
ಫಾರಮಿನ ತಳದಲ್ಲಿ ‘ಷರಾ’ ಎಂದೊಂದು ಮನೆ ಖಾಲಿ ಇರುತ್ತದೆ,
ಕಚೇರಿಯ ಉಪಯೋಗಕ್ಕೆ ಮಾತ್ರ.
ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ ಅದನ್ನೇ:
ಒಕ್ಕಲಿಲ್ಲದ, ಬೀಗವಿಲ್ಲದ,
ಒಂದು ಹನಿಯೂ ಸೋರದ ಮನೆ.

ಒಮ್ಮೆ ಅದರೊಳಗೆ ಹೊಕ್ಕು ಹೇಳಬೇಕು.
ಸರಕಾರ ಏನೂ ಕೊಡಲಿಲ್ಲ ಎನ್ನುವುದು ಸುಳ್ಳು.
ಬಂದ್ಯೋಡಿನ ಬೀಫಾತಿಮ್ಮನ ಹೆಸರು ಲೈಫ್ ಲಿಸ್ಟಿನಲ್ಲಿ ಬಂತು,
ಓದಿ ಹೇಳಿದವನು ನಾನೇ.
ತಳಪಾಯಕ್ಕೊಂದು ಕಂತು, ಫೋಟೋ.
ಗೋಡೆಗೊಂದು ಕಂತು, ಫೋಟೋ.
ಲಿಂಟಲಿಗೆ ಬರುವಾಗ ಕೆಂಪುಕಲ್ಲಿನ ರೇಟು ಹಾರಿತು,
ಕಂತು ಕೂತಿತು.
ಈಗ ಒಳಗೆ ಕಿಟಕಿಯೆತ್ತರಕ್ಕೆ ಪಪ್ಪಾಯಿ ಬೆಳೆದಿದೆ.
ಮೊನ್ನೆ ಒಂದು ಹಣ್ಣು ತಂದುಕೊಟ್ಟಳು, ಸಿಹಿ ಇತ್ತು.
ಇದನ್ನು ಯಾವ ಕಾಲಮಿನಲ್ಲಿ ಬರೆಯಲಿ?

ಅದೇ ಹೊತ್ತಿಗೆ ಆರು ಪಥದ ರಸ್ತೆಗೆ
ಎಷ್ಟು ಬೇಗ ಜಾಗ ಸಿಕ್ಕಿತು!
ಅದರ ಹತ್ತಿರ ಯಾರೂ ವರಮಾನದ ಸರ್ಟಿಫಿಕೇಟು ಕೇಳಲಿಲ್ಲ.

ಆಚೆ ಕಡೆಯವರ ಮಾತು ಬೇಡ.
ನವೆಂಬರಿನಲ್ಲಿ ಬಂದು ಗಡಿನಾಡಿನವರನ್ನು ನೆನೆಯುತ್ತಾರೆ.
ನಾವು ಜೂನಿನಲ್ಲೇ ನೆನೆದು ಮುಗಿಸಿರುತ್ತೇವೆ.
ಶಾಲು ಹೊದೆಸುತ್ತಾರೆ, ನಮಗೆ.
ಮಾಡಿಗೆ ಹೊದೆಸುವಷ್ಟು ಉದ್ದದ್ದು ಇನ್ನೂ ಯಾರೂ ತಂದಿಲ್ಲ.

ಮಲಯಾಳದ ಮೇಲೆ ನನಗೆ ಸಿಟ್ಟಿಲ್ಲ.
ಹೆಂಡತಿ ಪಯ್ಯನ್ನೂರಿನವಳು;
ಜಗಳ ಎರಡು ಭಾಷೆಯಲ್ಲಿ, ಊಟ ಒಂದೇ ಬಟ್ಟಲಲ್ಲಿ.
ಅವರ ವೀಡು ನಮ್ಮ ಬೀಡು,
ವಕಾರ, ಬಕಾರ, ಅಷ್ಟೇ ಗಡಿ.
ಸಿಟ್ಟು ಫಾರಮಿನ ಮೇಲೆ.
ಅದನ್ನು ಮಾಡಿದವನು ಒಮ್ಮೆ ತಾನೇ ತುಂಬಿಸಬೇಕು,
ಬಾರದ ಭಾಷೆಯಲ್ಲಿ, ನಿಂತುಕೊಂಡು,
ಸೊಂಟದಲ್ಲಿ ಮಗು, ಹೊರಗೆ ಹಾರ್ನ್ ಹಾಕುವ ಜೀಪು,
ಗುಡ್ಡಕ್ಕೆ ಅದೇ ಕೊನೆಯ ಟ್ರಿಪ್ಪು.

ನಾನೂ ಅರ್ಜಿ ಹಾಕಿದವನೇ.
ನೆಲವಿಲ್ಲದವನಿಗೆ ಮನೆಯಿಲ್ಲ,
ಮನೆ ನಂಬರಿಲ್ಲದವನಿಗೆ ಕಾರ್ಡಿಲ್ಲ,
ಕಾರ್ಡಿಲ್ಲದವನು ನೆಲ ಕೇಳುವ ಹಾಗಿಲ್ಲ,
ಬಾಡಿಗೆಯವನು...
ಆ ಪುಟ ಇರಲಿ.

ಐತ್ತಪ್ಪನ ಅರ್ಜಿ ಹೊಸತಾಗಿ ಬರೆದೆ.
ಮನೆ ಎಂದಿದ್ದಲ್ಲಿ ‘ಶೆಡ್’ ಎಂದು ಹಾಕಿದೆ,
ಎರಡೂ ಭಾಷೆಯವರಿಗೆ ತಿಳಿಯುವ ದರಿದ್ರ ಪದ.
ಷರಾದ ಹೊಸ್ತಿಲವರೆಗೆ ಪೆನ್ನು ಹೋಯಿತು,
ಹಿಂದೆ ಬಂತು.
ಮೂವತ್ತು ರೂಪಾಯಿ ಎಣಿಸಿಟ್ಟು ಅವನು ಕೇಳಿದ:
“ಮನೆ ತೆಗೆದ್ರಾ ಮಾಷ್ಟ್ರೇ?”
“ತೆಗೆದೆ.”
“ಹಾಗಾದ್ರೆ ಇನ್ನು ಸಿಕ್ಕೀತು,” ಎಂದ.
ಕಾಗದವನ್ನು ಅಂಗಿಯೊಳಗೆ, ಬನಿಯನ್ನಿಗೂ ಒಳಗೆ ಇಳಿಸಿ,
ಮೇಲೊಮ್ಮೆ ಮೋಡ ನೋಡಿ
ಬಸ್ಸಿಗೆ ಓಡಿದ.