ಮೂರನೆಯ ಗಂಟೆ

ಅಜ್ಮಾನಿನ ನಖೀಲಿನಲ್ಲಿ
ಏಳು ಮಹಡಿಯ ಹಳೆ ಕಟ್ಟಡಕ್ಕೆ ನಾನು ನಾತೂರ್.
ಊರಲ್ಲಾದರೆ ಕಾವಲುಗಾರ ಅನ್ನುತ್ತಾರೆ. ಇಲ್ಲಿ
ನೀರಿನ ಟ್ಯಾಂಕು, ಕಸದ ಕೊಳವೆ, ಬಾಡಿಗೆ ಚೆಕ್ಕು, ಬೆಕ್ಕು
ಎಲ್ಲಕ್ಕೂ ನಾನೇ.

ರಾತ್ರಿ ಎರಡೂ ನಲವತ್ತಕ್ಕೆ ಲಿಫ್ಟು ತಾನಾಗಿ ಮೇಲೆ ಹೋಗುತ್ತದೆ.
ನಾಲ್ಕರಲ್ಲಿ ನಿಲ್ಲುತ್ತದೆ.
ಒಬ್ಬ ಮುದುಕ ಊರುಗೋಲು ಸಮೇತ ಇಳಿಯಲು ಎಷ್ಟು ಬೇಕೋ
ಅಷ್ಟು ಹೊತ್ತು ಬಾಗಿಲು ತೆರೆದಿದ್ದು
ಮುಚ್ಚುತ್ತದೆ.

ಕಂಪನಿಯ ಹುಡುಗ, ಸಿಲ್ಹೆಟ್ಟಿನವನು, ಬಂದು
ಬೋರ್ಡು ಬದಲಿಸಿದ, ಎಣ್ಣೆ ಬಿಟ್ಟ, ಕೊನೆಗೆ
'ಹವಾ' ಅಂದ.
ನಮ್ಮಲ್ಲಿ ಗಾಳಿ ಅಂದರೆ ಬರೀ ಹವೆಯಲ್ಲ.
ಅವನಿಗೆ ಹೇಳಲಿಲ್ಲ.

ನಾನೂರ ಎರಡರಲ್ಲಿ ಯೂನುಸ್ ಚಾಚಾ ಇದ್ದರು,
ಲ್ಯಾರಿಯವರು. ಮೂವತ್ತೊಂದು ವರ್ಷ ಟೈಪಿಂಗ್ ಅಂಗಡಿಯಲ್ಲಿ ಕೂತು
ಯಾರ್‍ಯಾರದೋ ಬಿನ್ನಹಗಳನ್ನು ಅರಬ್ಬಿಗೆ ತಿರುಗಿಸಿದವರು.
ನನ್ನ ವೀಸಾದ ಕಾಗದವೂ ಅವರ ಬೆರಳಿನದೇ.
'ಶೀನ! ಇದು ಹೆಸರಲ್ಲಯ್ಯ, ಅಕ್ಷರ'
ಎಂದು ರಸೀದಿಯ ಬೆನ್ನಿಗೆ ಬರೆದು ತೋರಿಸಿದ್ದರು:
ಮೂರು ಹಲ್ಲು, ದೋಣಿಯಂಥ ಬಾಲ,
ಮೇಲೆ ಮೂರು ಚುಕ್ಕಿ.
'ಚುಕ್ಕಿ ಬಿಟ್ಟರೆ ನೀನು ಬೇರೆಯವನು, ಜೋಕೆ.'

ಕೋಡಿಯ ನನ್ನಜ್ಜಿ, ಮೀನಬುಟ್ಟಿ ಇಳಿಸಿ ಕಾಲು ತೊಳೆಯುತ್ತ,
ಕಲಿಸಿದ್ದು ಒಂದೇ ಪಾಠ:
'ರಾತ್ರಿ ಕರ್ದ್ರೆ ಒಂದ್ ಕರೆಗೆ ಓ ಅಂಬುಕಾಗ ಮಗ,
ಎರಡಕ್ಕೂ ಬ್ಯಾಡ. ಸತ್ತರ್ ಎರಡೇ ಸಲ ಕರೂದ್.
ಮೂರನೇದ್ ಮನ್ಶರದ್ದ್.'
ಕಡಲಿಂದ ಬಾರದ ಅಪ್ಪ ಅಂಗಳದಲ್ಲಿ ನಿಂತು ಕರೆದಾಗಲೂ
ನಾನು ಚಾಪೆಯಲ್ಲಿ, ಬೆರಳು ಮಡಿಸಿ,
ಎಣಿಸುತ್ತ ಮಲಗಿದ್ದೆ.

ಆಗಸ್ಟಿನ ಆ ರಾತ್ರಿ ಕರೆಂಟು ಹೋಯಿತು.
ಗೋಡೆಗಳೂ ಬೆವೆತವು.
ಲಿಫ್ಟಿನ ಬ್ಯಾಟರಿ ಗಂಟೆ ಬಡಿಯಿತು.
ಮುನ್ನೂರ ನಾಲ್ಕರ ಮಕ್ಕಳ ಕಿತಾಪತಿ ಅಂದುಕೊಂಡೆ.
ಅಷ್ಟು ಹೊತ್ತಿನಲ್ಲಿ ಯಾವ ಮಕ್ಕಳು?
ಮತ್ತೆ ಬಡಿಯಿತು, ಮೊದಲಿನಷ್ಟು ಉದ್ದವಿಲ್ಲ.
ಬೆಕ್ಕು ಎದ್ದು ಹೋಗಿ ಬಾಗಿಲೆದುರು ಕೂತಿತು.
ನಾನು ಕುರ್ಚಿಯಲ್ಲೇ
ಮೂರನೆಯದಕ್ಕೆ ಕಾದೆ.

ಪೊಲೀಸರು ಬರೆದುಕೊಂಡರು: ಹೃದಯ.
ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ
ಇಷ್ಟು ಹೊತ್ತಿಗೆ ಹೇಳಿ ಮುಗಿಸಿರುತ್ತಿದ್ದೆ.

ಈಗ ಒಂದೇ ಕರೆಗೆ ಓಡುತ್ತೇನೆ. ಕರೆಯದಿದ್ದರೂ ಓಡುತ್ತೇನೆ.
ಐದನೇ ಮಹಡಿಯ ಫಿಲಿಪೀನಿ ನರ್ಸು
'ಇಂಥ ನಾತೂರ್ ಸಿಗುವುದಿಲ್ಲ' ಎಂದು
ಈದಿಗೂ ಕ್ರಿಸ್ಮಸ್ಸಿಗೂ ಹತ್ತು ದಿರ್ಹಮು ಕೊಡುತ್ತಾಳೆ.

ಮೊನ್ನೆ ಮಾಲೀಕರ ಮಗ ಕೆಳಗೆ ಕ್ಯಾಮೆರಾ ಹಾಕಿಸಿದ.
ಬೆಳಿಗ್ಗೆ ಕರೆದು, ನಗುತ್ತ, ತೋರಿಸಿದ:
ಎರಡೂ ಮೂವತ್ತೊಂಬತ್ತು. ಒಬ್ಬ ಏಳುತ್ತಾನೆ, ಚಪ್ಪಲಿ ಕಳಚುತ್ತಾನೆ,
ಲಿಫ್ಟಿನೊಳಗೆ ಕೈ ಚಾಚಿ ನಾಲ್ಕನ್ನು ಒತ್ತಿ
ಹಿಂದೆ ಸರಿದು, ಬಾಗಿಲು ಮುಚ್ಚುವಾಗ
ತುಸು ತಲೆ ಬಾಗುತ್ತಾನೆ.
ಮುಖ ಸರಿಯಾಗಿ ಕಾಣದು. ಅಂಗಿ ನನ್ನದು.
'ನಿದ್ದೆಯಲ್ಲಿ ನಡೆಯುತ್ತೀಯಾ?'
ಹೌದು ಅಂದೆ. ಅದು ಸುಲಭದ ಉತ್ತರ.
ಮೇಲೆ, ನಾಲ್ಕರಲ್ಲಿ, ಅಷ್ಟು ಹೊತ್ತು
ಬಾಗಿಲು ತಡೆದು ಹಿಡಿಯುವವರು ಯಾರು?
ಆ ಮಹಡಿಗೆ ಕ್ಯಾಮೆರಾ ಇಲ್ಲ.

ನಿನ್ನೆ ಎಚ್ಚರದಲ್ಲೇ ಒಳಗೆ ಹೋದೆ.
ಮೂರಕ್ಕೂ ನಾಲ್ಕಕ್ಕೂ ನಡುವೆ ಕೆಂಪು ಗುಂಡಿ ಒತ್ತಿ ನಿಲ್ಲಿಸಿದೆ.
ಎಷ್ಟು ಸಣ್ಣ ಪೆಟ್ಟಿಗೆ! ತಗಡಿನ ಗೋಡೆಯಲ್ಲಿ, ಸೊಂಟದೆತ್ತರಕ್ಕೆ,
ಕುಸಿದು ಕೂತವನ ಕೈಗೆ ಎಟುಕುವಲ್ಲಿ,
ಕೀಲಿಕೈಯಿಂದ ಗೀಚಿದ್ದು, ಮಸುಕು:
ಮೂರು ಹಲ್ಲು. ದೋಣಿಯಂಥ ಬಾಲ.
ಎರಡು ಚುಕ್ಕಿ.

ಗಂಟೆ ಒತ್ತಿದೆ, ಉದ್ದಕ್ಕೆ, ಬೆರಳು ಬಿಳುಚುವಷ್ಟು.
ಕೆಳಗೆ ಕುರ್ಚಿ ಖಾಲಿ.
ಬೆಕ್ಕು ಮಾತ್ರ ಬಾಗಿಲೆದುರು ಕೂತಿರಬೇಕು,
ಎಣಿಸುತ್ತ.